ಎರಿ ಹೊಲಕ್ಕೂ ಹೈವೇಗೂ ಒಂದೇ ಗಾಡಿ: ಯಾವುದು ತೊಗೊಳ್ಳಲಿ?

ಪ್ರಶ್ನೆ: ನನಗೆ ಹುಬ್ಬಳ್ಳಿಯಲ್ಲಿ ಕೆಲಸ. ಊರು ಮುಂಡರಗಿ ತಾಲೂಕಿನಲ್ಲಿ. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ ಸುಮಾರು 200 ಕಿ.ಮೀ. ಕೊನೆಯ ಐದಾರು ಕಿ.ಮೀ. ಮಣ್ಣಿನ ರಸ್ತೆ, ಆಮೇಲೆ ಹೊಲದವರೆಗೆ ಚಕ್ಕಡಿ (ಎತ್ತಿನ ಬಂಡಿ) ದಾರಿ. ವರ್ಷಕ್ಕೆ ಒಂದೆರಡು ಸಲ ಗೋಕರ್ಣಕ್ಕೋ ಬೆಂಗಳೂರಿಗೋ ಹೋಗುವ ಆಸೆ. ಕೆಲವೊಮ್ಮೆ ಹೆಂಡತಿಯೂ ಜೊತೆಗಿರುತ್ತಾಳೆ. ನನ್ನ ಎತ್ತರ 5 ಅಡಿ 5 ಇಂಚು, ತೂಕ 62 ಕೆಜಿ. ಬಜೆಟ್ ಎರಡೂವರೆ ಲಕ್ಷ. ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಕೆಟಿಎಂ ಮೂರೂ ಬೈಕ್ ನೋಡುತ್ತಿದ್ದೇನೆ. ಗೆಳೆಯರೆಲ್ಲ "ಸಿಸಿ ಜಾಸ್ತಿ ಇರಲಿ, ಆಮೇಲೆ ಬೇಜಾರಾಗಬಾರದು" ಅನ್ನುತ್ತಿದ್ದಾರೆ. ನೀವು ಏನು ಹೇಳುತ್ತೀರಿ?

ಉತ್ತರ:

ಗೆಳೆಯರ ಮಾತು ಸ್ವಲ್ಪ ಹೊತ್ತು ಬದಿಗಿಡೋಣ. ನೀವು ಎತ್ತರ, ತೂಕ, ದಾರಿ ಎಲ್ಲ ಬರೆದಿದ್ದೀರಿ, ಅದಕ್ಕೆ ಖುಷಿಯಾಯಿತು. ಬಹಳ ಜನ "ಬೆಸ್ಟ್ ಆಫ್‌ರೋಡ್ ಗಾಡಿ ಯಾವುದು" ಅಂತ ಒಂದೇ ಸಾಲು ಕೇಳಿ ಸುಮ್ಮನಾಗುತ್ತಾರೆ. ಅದಕ್ಕೆ ಉತ್ತರ ಹೇಳುವುದು ಹೇಗೆ?

ಮೊದಲು ಲೆಕ್ಕ ಮಾಡೋಣ. ವಾರಕ್ಕೆ 200 ಕಿ.ಮೀ. ಅಂದರೆ ವರ್ಷಕ್ಕೆ ಹತ್ತು ಸಾವಿರ. ಅದರಲ್ಲಿ ಮಣ್ಣಿನ ದಾರಿ ವಾರಕ್ಕೆ ಹೆಚ್ಚೆಂದರೆ ಹದಿನೈದು ಕಿ.ಮೀ. ನೂರಕ್ಕೆ ಏಳೆಂಟು ಪಾಲು. ಉಳಿದದ್ದೆಲ್ಲ ಟಾರ್. ಈ ಲೆಕ್ಕ ನೋಡಿದರೆ ನಿಮಗೆ ಹೈವೇ ಗಾಡಿಯೇ ಬೇಕು ಅನ್ನಿಸುತ್ತದೆ. ಆದರೆ ಟಾರ್ ಮೇಲೆ ಇವತ್ತು ಯಾವ ಗಾಡಿಯೂ ಕೈಕೊಡುವುದಿಲ್ಲ. 160 ಕೆಜಿಯದೂ ಗದಗ ಮುಟ್ಟುತ್ತದೆ, 200 ಕೆಜಿಯದೂ ಮುಟ್ಟುತ್ತದೆ, ಇಪ್ಪತ್ತು ನಿಮಿಷ ಹೆಚ್ಚುಕಮ್ಮಿ. ಆ ಹದಿನೈದು ಕಿ.ಮೀ.ನಲ್ಲಿ ಮಾತ್ರ ತಪ್ಪು ಗಾಡಿ ನಿಮ್ಮನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ತೂಕ. ಸಿಸಿ ಆಮೇಲೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಹಿಂಗಾರಿ ಮಳೆ ಬಿದ್ದ ಮರುದಿನ, ಲಕ್ಷ್ಮೇಶ್ವರದ ಕಡೆ ಒಂದು ಚಕ್ಕಡಿ ದಾರಿಯಲ್ಲಿ ಹೊರಟಿದ್ದೆ. ಸುಮಾರು 200 ಕೆಜಿಯ ಗಾಡಿ. ಮೇಲೆ ಬಿಸಿಲು ಚೆನ್ನಾಗಿತ್ತು, ದಾರಿ ಒಣಗಿದೆ ಅಂದುಕೊಂಡೆ. ಮೇಲಿನ ಪದರ ಮಾತ್ರ ಒಣಗಿತ್ತು. ನೂರು ಮೀಟರ್ ಹೋಗುವುದರೊಳಗೆ ಎರಿ ಮಣ್ಣು (ಕಪ್ಪು ಜಿಗುಟು ಮಣ್ಣು) ಟೈರಿಗೆ ಹತ್ತಿ, ಟೈರಿನ ಮೇಲೆ ಇನ್ನೊಂದು ಟೈರ್ ಬೆಳೆದಂತಾಯಿತು. ಆ ಮಣ್ಣು ಮುಂದಿನ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯನ್ನು ಹಿಡಿದೇಬಿಟ್ಟಿತು. ಗಾಲಿ ತಿರುಗದೆ ಸ್ಕೀ ಹಲಗೆ ಥರ ಜಾರಿತು. ಎಡಕ್ಕೆ ಬಿದ್ದೆ. ಪೆಟ್ಟೇನೂ ಆಗಲಿಲ್ಲ, ಮೆತ್ತಗಿನ ಮಣ್ಣು. ಆದರೆ ಎತ್ತಬೇಕಲ್ಲ!

ಬಿದ್ದ ಗಾಡಿ ಎತ್ತುವ ಒಂದು ಕ್ರಮ ಇದೆ. ಗೇರಿನಲ್ಲಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಸೊಂಟದಿಂದ ಅಲ್ಲ, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಏಳಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದಿಡಬೇಕು, ಇಲ್ಲದಿದ್ದರೆ ಆ ಕಡೆ ಬೀಳುತ್ತದೆ. ಟಾರ್ ಮೇಲೆ ಇದು ಸಲೀಸು. ಹಸಿ ಎರಿಯಲ್ಲಿ ಕಾಲೇ ನಿಲ್ಲುವುದಿಲ್ಲ. ಬೂಟಿಗೆ ಒಂದೊಂದು ಕೆಜಿ ಮಣ್ಣು. ನಾಲ್ಕು ಸಲ ಎತ್ತಲು ಹೋಗಿ ನಾಲ್ಕು ಸಲವೂ ಕೂತೆ. ಕೊನೆಗೆ ಪಕ್ಕದ ಹೊಲದ ಬದುವಿನ ಮೇಲಿದ್ದ ಅಜ್ಜ ಒಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. ಮೂವರು ಸೇರಿ ಎತ್ತಿದೆವು. ಅಜ್ಜ ಗಾಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಎರಿ ಹಸಿ ಇದ್ದಾಗ ನಾವು ಚಕ್ಕಡೀನ ಹೂಡೂದಿಲ್ರಿ, ನೀವು ಗಾಡಿ ಹೆಂಗ ತಂದ್ರಿ?" ಅಂದರು. ಉತ್ತರ ಇರಲಿಲ್ಲ. 10ನೇ ನಂಬರ್ ಸ್ಪ್ಯಾನರ್ ತೆಗೆದು ಮಡ್‌ಗಾರ್ಡ್ ಬಿಚ್ಚಿ, ಬೆನ್ನಿಗೆ ಕಟ್ಟಿಕೊಂಡು ವಾಪಸ್ ಬಂದೆ.

ಇದರಿಂದ ನಿಮಗೆ ಬೇಕಾದ ಎರಡು ಮಾತು. ಒಂದು, ನಿಮ್ಮ ತೂಕ 62. ನೀವೊಬ್ಬರೇ ಎತ್ತುವ ಗಾಡಿ 170ರ ಆಸುಪಾಸಿನಲ್ಲಿರಲಿ. ಎರಡು, ಶೋರೂಮಿಗೆ ಹೋದಾಗ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಕಿ ನೋಡಿ. ಬರೀ ಬೆರಳು ಹೋದರೆ ಎರಿ ಹೊಲಕ್ಕೆ ಅದು ಸಾಲದು. ಮುಷ್ಟಿ ಆರಾಮಾಗಿ ಹೋಗಬೇಕು. ಮಡ್‌ಗಾರ್ಡ್ ಮೇಲೆ ಎತ್ತರದಲ್ಲಿ, ಹಕ್ಕಿ ಕೊಕ್ಕಿನಂತೆ ಇರುವುದು ಸುಮ್ನೆ ಚಂದಕ್ಕಲ್ಲ.

ನಿಮ್ಮ ದಾರಿಯ ಮಣ್ಣು ಯಾವುದು ಅಂತ ನೀವು ಬರೆದಿಲ್ಲ. ಮುಂಡರಗಿ, ಶಿರಹಟ್ಟಿ ಕಡೆ ಎರಿಯೂ ಇದೆ, ಮಸಾರಿಯೂ ಇದೆ. ಮಸಾರಿಯಾದರೆ ಅರ್ಧ ಚಿಂತೆ ಬಿಡಿ. ಕೆಂಪು ಮಣ್ಣು ನೀರನ್ನು ಬೇಗ ಕೆಳಗೆ ಬಿಡುತ್ತದೆ. ಮಳೆ ನಿಂತು ಅರ್ಧ ದಿನಕ್ಕೆ ಗಾಡಿ ಓಡಿಸಬಹುದು. ಅಲ್ಲಿ ಕಾಟ ಕೊಡುವುದು ಸಣ್ಣ ಕಲ್ಲು, ಗರಸು. ಎರಿ ಹಾಗಲ್ಲ. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಏಪ್ರಿಲ್‌ನಲ್ಲಿ ಟೈರ್ ಉದ್ದಕ್ಕೆ ಬಿರುಕಿನೊಳಗೆ ಇಳಿದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ಅಂಥಲ್ಲಿ ದೊಡ್ಡ ಮುಂದಿನ ಗಾಲಿ ಕೆಲಸಕ್ಕೆ ಬರುತ್ತದೆ. 21 ಇಂಚಿನ ಗಾಲಿ ತಗ್ಗಿನೊಳಗೆ ಕಡಿಮೆ ಇಳಿಯುತ್ತದೆ, ಕಲ್ಲನ್ನು ಹತ್ತಿ ದಾಟುತ್ತದೆ. 17 ಇಂಚಿನದು ಅದೇ ಕಲ್ಲಿಗೆ ಡಿಕ್ಕಿ ಹೊಡೆಯುತ್ತದೆ. 19 ಇಂಚಿನದು ಎರಡರ ನಡುವೆ. ಹೈವೇ ಮೇಲೆ ಮಾತ್ರ 21ರದ್ದು ತಿರುವಿನಲ್ಲಿ ಸ್ವಲ್ಪ ಸೋಮಾರಿ. ವಾರ ಹತ್ತು ದಿನದಲ್ಲಿ ರೂಢಿಯಾಗುತ್ತದೆ.

ಈಗ ಎತ್ತರದ ಮಾತು. 5 ಅಡಿ 5 ಇಂಚು ಇರುವವರು ಈ ಜಾತಿಯ ಗಾಡಿ ಮೇಲೆ ಕೂತರೆ ಎರಡೂ ಪಾದ ಪೂರ್ತಿ ನೆಲ ಮುಟ್ಟುವುದಿಲ್ಲ. ಹೆದರಬೇಡಿ. ಒಂದು ಬದಿಗೆ ಸ್ವಲ್ಪ ಸರಿದು ಒಂದು ಕಾಲು ಊರುವುದನ್ನು ಕಲಿತರೆ ಸಾಕು. ಸೀಟ್ ಎತ್ತರ 825 ಮಿ.ಮೀ. ಅಂತ ಬರೆದಿದ್ದರೂ ನೀವು ಕೂತಾಗ ಶಾಕ್ ಅಬ್ಸಾರ್ಬರ್ ಕೆಳಗೆ ಕೂರುತ್ತದೆ, ಸೀಟ್ ಅಗಲ ಕಡಿಮೆ ಇದ್ದರೆ ಕಾಲು ನೇರ ಇಳಿಯುತ್ತದೆ. ಆದ್ದರಿಂದ ಕಾಗದದ ಮೇಲಿನ ಅಂಕಿ ಒಂದನ್ನೇ ನಂಬಬೇಡಿ. ಒಂದು ವಿಷಯ ಮಾತ್ರ ನೆನಪಿರಲಿ. ಚಕ್ಕಡಿ ದಾರಿಯಲ್ಲಿ ಎರಡು ಬದಿ ಗಾಲಿ ಜಾಡು, ನಡುವೆ ಉಬ್ಬು. ನೀವು ಉಬ್ಬಿನ ಮೇಲೆ ಹೋಗುತ್ತಾ ಕಾಲು ಕೊಟ್ಟರೆ ಅದು ಜಾಡಿನೊಳಗೆ, ಅಂದರೆ ಇನ್ನೂ ಒಂದು ಗೇಣು ಕೆಳಗೆ ಹೋಗುತ್ತದೆ. ಶೋರೂಮಿನ ಟೈಲ್ಸ್ ಮೇಲೆ ಮುಟ್ಟಿದ ಕಾಲು ಅಲ್ಲಿ ಗಾಳಿಯಲ್ಲಿ ಇರುತ್ತದೆ. ಗಿಡ್ಡ ಕಾಲಿನವರು ಉಬ್ಬು ಬಿಟ್ಟು ಜಾಡಿನೊಳಗೇ ಗಾಡಿ ಓಡಿಸಿ. ಆಗ ಎರಡೂ ಬದಿ ನೆಲ ನಿಮ್ಮ ಹತ್ತಿರಕ್ಕೆ ಬರುತ್ತದೆ. ನಾನೂ 5 ಅಡಿ 6. ಇದನ್ನು ಬಿದ್ದೇ ಕಲಿತದ್ದು.

ಇನ್ನು ಗಾಡಿಗಳ ವಿಚಾರ.

ಡ್ಯುಯಲ್ ಸ್ಪೋರ್ಟ್ ಅನ್ನುವ ಮಾತು ನಮ್ಮಲ್ಲಿ ಬಹಳ ಸಡಿಲವಾಗಿ ಬಳಕೆಯಲ್ಲಿದೆ. ಸರಿಯಾಗಿ ಹೇಳಿದರೆ ಅದು ಹಗುರ, ಎತ್ತರ, ತೆಳು ಸೀಟಿನ, ನಂಬರ್ ಪ್ಲೇಟ್ ಹಾಕಿಕೊಂಡ ಮಣ್ಣಿನ ಗಾಡಿ. ಕವಾಸಕಿ ಕೆಎಲ್‌ಎಕ್ಸ್ 230, ಕೆಟಿಎಂ 390 ಎಂಡ್ಯೂರೋ ಆರ್ ಆ ಪೈಕಿ. ಹಿಮಾಲಯನ್, ವಿ-ಸ್ಟ್ರಾಮ್ ಇವೆಲ್ಲ ಅಡ್ವೆಂಚರ್ ಟೂರರ್‌ಗಳು. ಅಂದರೆ ಮಣ್ಣಿಗೂ ಒಗ್ಗುವ ಹೈವೇ ಗಾಡಿ. ಎಕ್ಸ್‌ಪಲ್ಸ್ ಎರಡರ ನಡುವೆ ನಿಂತಿದೆ. ಹೀರೋ 2011ರಲ್ಲಿ ಇಂಪಲ್ಸ್ ಅಂತ 150 ಸಿಸಿಯ ಒಂದು ಗಾಡಿ ತಂದಿತ್ತು, ನೆನಪಿದೆಯಾ? ಹಗುರವಾಗಿತ್ತು, ಕಾಲಕ್ಕಿಂತ ಮುಂಚೆ ಬಂತು, ಯಾರೂ ಕೊಳ್ಳಲಿಲ್ಲ, ನಿಂತುಹೋಯಿತು. ಈಗ ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ. ಇನ್ನು ನಿಜ ಹೇಳಬೇಕೆಂದರೆ ನಮ್ಮ ಗದಗ, ಹಾವೇರಿಯ ಹೊಲದ ದಾರಿಯಲ್ಲಿ ಅತಿ ಹೆಚ್ಚು ಓಡುವ ಡ್ಯುಯಲ್ ಸ್ಪೋರ್ಟ್ ಅಂದರೆ ಟಿವಿಎಸ್ ಎಕ್ಸೆಲ್! ಮೇವಿನ ಹೊರೆ, ಹಾಲಿನ ಕ್ಯಾನ್, ಜೊತೆಗೊಬ್ಬ ಹುಡುಗ, ಎಲ್ಲ ಹೊತ್ತು ಹೋಗುತ್ತದೆ. ತೂಕ 90 ಕೆಜಿಯೊಳಗೆ. ಸಿಕ್ಕಿಬಿದ್ದರೆ ಇಬ್ಬರು ಎತ್ತಿ ಬದು ದಾಟಿಸುತ್ತಾರೆ. ತೂಕದ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದ್ದು ಅವರಿಗೆ ಮೊದಲಿನಿಂದ ಗೊತ್ತು.

ನಿಮ್ಮ ಪಟ್ಟಿಯಿಂದ ಕೆಟಿಎಂ ತೆಗೆಯೋಣ. 390 ಎಂಡ್ಯೂರೋ ಆರ್ ಮಣ್ಣಿನಲ್ಲಿ ಒಳ್ಳೆ ಗಾಡಿ, ಅನುಮಾನವಿಲ್ಲ. ಸೀಟ್ ಎತ್ತರ 860 ಮಿ.ಮೀ., ಟ್ಯಾಂಕ್ 9 ಲೀಟರ್. ಹಿಂದೆ ಕೂರುವವರಿಗೆ ಸೀಟ್ ಅನ್ನುವುದು ಹೆಸರಿಗಷ್ಟೇ. ಹೆಂಡತಿಯನ್ನು ಅದರ ಮೇಲೆ ಗೋಕರ್ಣಕ್ಕೆ ಒಂದು ಸಲ ಕರೆದುಕೊಂಡು ಹೋಗಬಹುದು, ಎರಡನೇ ಸಲ ಬಸ್ಸಿಗೇ ಹೋಗೋಣ ಅನ್ನುತ್ತಾರೆ. 390 ಅಡ್ವೆಂಚರ್ ಈ ವಿಷಯದಲ್ಲಿ ಮೇಲು, ಆದರೆ ಎರಡೂ ನಿಮ್ಮ ಬಜೆಟ್ ದಾಟುತ್ತವೆ. ಕೆಎಲ್‌ಎಕ್ಸ್ 230ರ ತೂಕ 140 ಕೆಜಿಯ ಆಸುಪಾಸು, ಅದು ನನಗೆ ಬಹಳ ಇಷ್ಟ. ಆದರೆ ಟ್ಯಾಂಕ್ ಎಂಟು ಲೀಟರ್ ಕೂಡ ಇಲ್ಲ. ವಾರವಾರ 200 ಕಿ.ಮೀ. ಓಡಿಸುವವರಿಗಲ್ಲ ಅದು. ಹೊಲದ ಪಕ್ಕದಲ್ಲೇ ಮನೆ ಇದ್ದು, ಎರಡನೇ ಗಾಡಿಯಾಗಿ ಇಟ್ಟುಕೊಳ್ಳುವವರಿಗೆ.

ಹಿಮಾಲಯನ್ 450. 2023ರ ನವೆಂಬರ್‌ನಲ್ಲಿ ಬಂತು. 452 ಸಿಸಿ, 40 ಪಿಎಸ್ (ಎಂಜಿನ್ ಶಕ್ತಿ), ತೂಕ 196 ಕೆಜಿ, ಟ್ಯಾಂಕ್ 17 ಲೀಟರ್. ಹೈವೇ ಮೇಲೆ ಇದಕ್ಕೆ ಹೆಸರಿಡುವ ಹಾಗಿಲ್ಲ. ಇಬ್ಬರು ಕೂತು, ಬ್ಯಾಗ್ ಕಟ್ಟಿಕೊಂಡು ಬೆಂಗಳೂರಿನವರೆಗೆ 410 ಕಿ.ಮೀ. ಹೋದರೂ ಸೊಂಟ ನೋಯುವುದು ಕಡಿಮೆ. ಗರಸಿನ ರಸ್ತೆಯಲ್ಲಿ ಅದರ ಭಾರವೇ ಅದನ್ನು ಕಚ್ಚಿ ನಿಲ್ಲಿಸುತ್ತದೆ. ಆದರೆ ನಿಮ್ಮ ದಾರಿ ಎರಿಯಾಗಿದ್ದರೆ ನನ್ನ ಕಥೆ ನಿಮ್ಮ ಕಥೆಯಾಗುತ್ತದೆ. ದುಡ್ಡಿನ ವಿಷಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡ ಎಂಜಿನ್‌ಗೆ ಶೇ. 40. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ಮೂರು ಲಕ್ಷ ದಾಟಿರುತ್ತದೆ. "ಸಿಸಿ ಜಾಸ್ತಿ ಇರಲಿ" ಅನ್ನುವ ಗೆಳೆಯರಿಗೆ ಮೇಲಿನ ದುಡ್ಡು ಕೊಡುತ್ತೀರಾ ಅಂತ ಕೇಳಿ ನೋಡಿ.

ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 249 ಸಿಸಿ, 26.5 ಪಿಎಸ್, ಸುಮಾರು 167 ಕೆಜಿ. ಅಲಾಯ್ ಗಾಲಿ, ಟ್ಯೂಬ್‌ಲೆಸ್ ಟೈರ್. ಎಂಜಿನ್ ಬೆಣ್ಣೆಯ ಹಾಗೆ. ನಿಮ್ಮ ದಾರಿ ಮಸಾರಿಯಾಗಿದ್ದು, ಚಕ್ಕಡಿ ದಾರಿ ಅರ್ಧ ಕಿ.ಮೀ.ಗಿಂತ ಕಡಿಮೆ ಇದ್ದರೆ ಇದನ್ನು ಖಂಡಿತ ನೋಡಿ. ದೊಡ್ಡ ಕಲ್ಲಿರುವ ಕಡೆ ಅಲಾಯ್ ಗಾಲಿ ನಂಬಲು ನನಗೆ ಧೈರ್ಯ ಸಾಲದು. ಕಡ್ಡಿ ಗಾಲಿ ಬಾಗಿದರೆ ಸರಿ ಮಾಡಬಹುದು, ಅಲಾಯ್ ಸೀಳಿದರೆ ಹೊಸದೇ ಬೇಕು.

ಉಳಿದದ್ದು ಎಕ್ಸ್‌ಪಲ್ಸ್. ಎರಡು ಇವೆ. 200 4ವಿ: ಆಯಿಲ್ ಕೂಲ್ಡ್ ಎಂಜಿನ್, 19 ಪಿಎಸ್ ಹತ್ತಿರ, ಐದು ಗೇರು, 160 ಕೆಜಿಯ ಸುತ್ತಮುತ್ತ. 2025ರಲ್ಲಿ ಬಂದ 210: ಲಿಕ್ವಿಡ್ ಕೂಲ್ಡ್, 24.6 ಪಿಎಸ್, ಆರು ಗೇರು, 170 ಕೆಜಿಯ ಹತ್ತಿರ. ಎರಡಕ್ಕೂ ಮುಂದೆ 21, ಹಿಂದೆ 18 ಇಂಚಿನ ಕಡ್ಡಿ ಗಾಲಿ, 13 ಲೀಟರ್ ಟ್ಯಾಂಕ್. 200 4ವಿಯದು 825 ಮಿ.ಮೀ. ಸೀಟ್, 210ದು 830. 200ರಲ್ಲೇ ಪ್ರೋ ಅಂತ ಇನ್ನೊಂದಿದೆ, ಅದರ ಸೀಟ್ 891 ಮಿ.ಮೀ. ಅದರ ಹತ್ತಿರ ಹೋಗಬೇಡಿ, ಅದು ಆರಡಿ ಹುಡುಗರ ಗಾಡಿ.

200 4ವಿ ಹೊಲದಲ್ಲಿ ಚಿನ್ನ. ಹೈವೇಯಲ್ಲಿ ಅದರ ಮಿತಿ ಗೊತ್ತಾಗುತ್ತದೆ. 80ರವರೆಗೆ ಆರಾಮು. 90 ದಾಟಿದ ಮೇಲೆ ಫುಟ್‌ರೆಸ್ಟ್, ಹ್ಯಾಂಡಲ್ ನಡುಗಲು ಶುರು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಲಾರಿ ಓವರ್‌ಟೇಕ್ ಮಾಡಬೇಕೆಂದರೆ ಗೇರ್ ಇಳಿಸಿ, ಸ್ವಲ್ಪ ದೇವರನ್ನೂ ನೆನೆಯಬೇಕು. 210ರಲ್ಲಿ ಈ ತೊಂದರೆ ಬಹುಮಟ್ಟಿಗೆ ಹೋಗಿದೆ. ಆರನೇ ಗೇರು ಇರುವುದರಿಂದ ಅದೇ ವೇಗದಲ್ಲಿ ಎಂಜಿನ್ ಕಿರುಚುವುದು ಕಡಿಮೆ. ಹತ್ತು ಕೆಜಿ ಜಾಸ್ತಿಯಾಯಿತು ಅನ್ನುವುದು ನಿಜ. ಆದರೂ ನೀವು ಬರೆದ ಎಲ್ಲವನ್ನೂ ತೂಗಿ ನೋಡಿದರೆ, ವಾರಕ್ಕೆ 185 ಕಿ.ಮೀ. ಟಾರ್, ಕೆಲವೊಮ್ಮೆ ಹೆಂಡತಿ, ಎರಡೂವರೆ ಲಕ್ಷ, ನಾನು ಹೇಳುವುದು 210. ಎಲ್ಲ ಟ್ಯಾಕ್ಸ್ ಸೇರಿ ಬಜೆಟ್ ಒಳಗೇ ಬರುತ್ತದೆ, ಹೆಲ್ಮೆಟ್, ಬೂಟು, ಗ್ಲೌಸಿಗೆ ದುಡ್ಡು ಉಳಿಯುತ್ತದೆ. ಬೂಟು ಅಂದರೆ ಪಾದದ ಗಂಟು ಮುಚ್ಚುವ ಬೂಟು. ಚಪ್ಪಲಿ ಹಾಕಿಕೊಂಡು ಚಕ್ಕಡಿ ದಾರಿಯಲ್ಲಿ ಬಂದು ಕಾಲು ಉಳುಕಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಹಳೆಯ ಹಿಮಾಲಯನ್ 411 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದಲ್ಲ ಅಂತ ನೀವು ಮುಂದೆ ಕೇಳಬಹುದು. ಸೀಟ್ 800 ಮಿ.ಮೀ., ನಿಮ್ಮ ಕಾಲಿಗೆ ಹೇಳಿ ಮಾಡಿಸಿದ್ದು. ತೂಕ 199 ಕೆಜಿ. ಮಸಾರಿ ದಾರಿಯಾದರೆ ಯೋಚಿಸಿ. ಕೊಳ್ಳುವ ಮುಂಚೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿಸಿ, ಹ್ಯಾಂಡಲ್ ನಿಧಾನಕ್ಕೆ ಆಚೀಚೆ ತಿರುಗಿಸಿ. ನಟ್ಟನಡುವೆ ಒಂದು ಕಡೆ ಸಿಕ್ಕಿಕೊಂಡಂತೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಹೋಗಿದೆ. ಗಾಲಿ ತಿರುಗಿಸಿ ರಿಮ್ ಅಲ್ಲಾಡುತ್ತದಾ ನೋಡಿ. ಕಡ್ಡಿಗಳಿಗೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಬಡಿಯಿರಿ. ಎಲ್ಲ ಒಂದೇ ಥರ ಟಿಣ್ ಅನ್ನಬೇಕು. ಒಂದು ಮಾತ್ರ ದಪ್ಪ ದನಿಯಲ್ಲಿ ಟಪ್ ಅಂದರೆ ಅದು ಸಡಿಲ.

ನಿಮ್ಮ ದಾರಿಯಲ್ಲಿ ಇನ್ನೊಂದು ಸಂಗತಿ ಇದೆ: ಗಾಳಿ. ಗದಗಿನ ಸುತ್ತ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಹುಬ್ಬಳ್ಳಿಯಿಂದ ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಬರುವಾಗ ಎದೆಗೆ ಹೊಡೆಯುತ್ತದೆ. ಗದಗ ದಾಟಿ ಮುಂಡರಗಿ ಕಡೆ ತಿರುಗಿದರೆ ಅಡ್ಡ ಗಾಳಿ. ಎತ್ತರದ ಹಗುರ ಗಾಡಿ ಇದಕ್ಕೆ ಸ್ವಲ್ಪ ತೂಗಾಡುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಜಾಸ್ತಿ ತೂಗಾಡುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ ಹಿಡಿದು ಕೈ ಸಡಿಲ ಬಿಡಿ. ಮುಂದೆ ಕೊಕ್ಕಿರುವ ಆಫ್‌ರೋಡ್ ಹೆಲ್ಮೆಟ್ ಫೋಟೋದಲ್ಲಿ ಚಂದ. ಅಣ್ಣಿಗೇರಿಯ ಬಯಲಲ್ಲಿ ಎದುರು ಗಾಳಿಗೆ ಅದು ಕುತ್ತಿಗೆಯನ್ನು ಹಿಂದಕ್ಕೆಳೆಯುತ್ತದೆ. ಮಾಮೂಲಿ ಫುಲ್ ಫೇಸ್ ಹೆಲ್ಮೆಟ್ ಸಾಕು.

ಟೈರ್ ಬದಲಿಸಲು ಅವಸರ ಮಾಡಬೇಡಿ. ದಪ್ಪ ಗುಂಡಿ ಗುಂಡಿಯ ಟೈರ್ ಹಾಕಿಸಿದ ಕೂಡಲೇ ಗಾಡಿ ಗಂಡಸಾಯಿತು ಅಂದುಕೊಳ್ಳುವವರಿದ್ದಾರೆ. ಟಾರ್ ಮೇಲೆ ಅದು ಗೊಂಯ್ ಅನ್ನುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ. ಅರಬೈಲ್ ಘಟ್ಟವನ್ನು ಜುಲೈ ಮಳೆಯಲ್ಲಿ ಅಂಥ ಟೈರಿನಲ್ಲಿ ಇಳಿಯುವುದು ನನಗಂತೂ ಬೇಡ. ಕಂಪನಿ ಟೈರ್ ಪೂರ್ತಿ ಸವೆಸಿ, ಆಮೇಲೆ ಅರ್ಧ ಟಾರ್ ಅರ್ಧ ಮಣ್ಣಿನ ಟೈರ್ ನೋಡಿ. ಎಕ್ಸ್‌ಪಲ್ಸ್‌ನದು ಟ್ಯೂಬ್ ಟೈರ್. ಪಂಕ್ಚರ್ ಆದರೆ ಗಾಲಿ ಬಿಚ್ಚಲೇಬೇಕು. ಒಂದು ಸಲ ಪಂಕ್ಚರ್ ಅಂಗಡಿಯಲ್ಲಿ ನಿಂತು ನೋಡಿ ಕಲಿಯಿರಿ. ಒಂದು 21 ಇಂಚಿನ ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್ ಗಾಡಿಯಲ್ಲಿರಲಿ. ಹಳ್ಳಿಯ ಅಂಗಡಿಯಲ್ಲಿ ಸ್ಪ್ಲೆಂಡರ್ ಟ್ಯೂಬ್ ಸಿಗುತ್ತದೆ, 21 ಇಂಚಿನದು ಸಿಗುವುದು ಕಷ್ಟ.

ಕಲ್ಲಿನ ದಾರಿಗೆ ಇಳಿಯುವಾಗ ಟೈರಿನ ಗಾಳಿ ನಾಲ್ಕೈದು ಪಿಎಸ್‌ಐ ಇಳಿಸಿದರೆ ಹಿಡಿತ ಜಾಸ್ತಿ. ತೀರಾ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಹಿಂದಿನ ಗಾಲಿಯ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಅಥವಾ ಆಫ್‌ರೋಡ್ ಮೋಡ್‌ಗೆ ಹಾಕುವ ಸೌಲಭ್ಯ ಇದ್ದರೆ ಸಡಿಲ ಮಣ್ಣಿನಲ್ಲಿ ಬಳಸಿ. ಟಾರ್ ಹತ್ತಿದ ಕೂಡಲೇ ಮರಳಿ ಹಾಕುವುದನ್ನು ಮರೆಯಬೇಡಿ.

ಕೊಯ್ಲಿನ ಕಾಲದಲ್ಲಿ ದಾರಿಯ ಧೂಳು ಹಿಟ್ಟಿನ ಥರ ಇರುತ್ತದೆ. ಏರ್ ಫಿಲ್ಟರ್ ಅನ್ನು ಸರ್ವಿಸ್‌ಗೆ ಕಾಯದೆ ತೆಗೆದು ನೋಡಿ. ಚೈನ್‌ಗೆ ಎಣ್ಣೆ ಸುರಿದು ಆ ಧೂಳಿಗೆ ಇಳಿದರೆ ಅದು ಸಾಣೆ ಹಿಡಿಯುವ ಗಂಧವಾಗುತ್ತದೆ. ಮೊದಲು ಒರೆಸಿ, ಲೂಬ್ ತೆಳ್ಳಗೆ ಹೊಡೆದು, ಒಂದು ರಾತ್ರಿ ಬಿಟ್ಟು ಹೊರಡಿ.

ಇನ್ನೊಂದು. ಗಾಡಿ ಬಂದ ಮೇಲೆ ಕಪ್ಪತಗುಡ್ಡ ಕರೆಯುತ್ತದೆ. ಅದು 2019ರಿಂದ ವನ್ಯಜೀವಿ ಧಾಮ. ರಸ್ತೆಯ ಮೇಲೆ ಹೋಗಿ ನೋಡಿ ಬನ್ನಿ. ದಾರಿ ಬಿಟ್ಟು ಗುಡ್ಡಕ್ಕೆ ಗಾಡಿ ಹತ್ತಿಸಬೇಡಿ. ಹುಲ್ಲು ಕೆಡುತ್ತದೆ, ಅರಣ್ಯದವರು ಹಿಡಿದರೆ ಗಾಡಿಯೂ ಹೋಗುತ್ತದೆ.

ಟೆಸ್ಟ್ ರೈಡ್‌ಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಹಿಂದೆ ಹತ್ತಿ ಇಳಿಯುವುದು ಅವರಿಗೆ ಆಗುತ್ತದಾ, ಸೀರೆಯಲ್ಲಾದರೂ ಚೂಡಿದಾರದಲ್ಲಾದರೂ, ಅವರೇ ಹೇಳಲಿ. ಶೋರೂಮಿನವರು ಸರ್ವಿಸ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ "ಹೆಂಗೈತ್ರಿ ಸರ?" ಅಂತ ಕೇಳುತ್ತಾರೆ. ಅಷ್ಟಕ್ಕೆ ಮುಗಿಸಬೇಡಿ. ಹತ್ತು ನಿಮಿಷ ಜಾಸ್ತಿ ಕೇಳಿ, ಎಲ್ಲಾದರೂ ಗರಸು ಹಾಸಿದ ಜಾಗ ಸಿಕ್ಕರೆ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿ. ನಿಂತಾಗ ಬಗ್ಗಿ ಹ್ಯಾಂಡಲ್ ಹಿಡಿಯಬೇಕಾದರೆ ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸಬೇಕಾಗುತ್ತದೆ, ಅದರ ಖರ್ಚನ್ನೂ ಕೇಳಿಟ್ಟುಕೊಳ್ಳಿ. ಕ್ಲಚ್ ಲಿವರ್, ಗೇರ್ ಲಿವರ್, ಇಂಡಿಕೇಟರ್ ಸ್ಟಾಕ್ ಇದೆಯಾ ಅಂತಲೂ ವಿಚಾರಿಸಿ. ಗಾಡಿ ಬಿದ್ದಾಗ ಮೊದಲು ಮುರಿಯುವುದು ಅವೇ.

ಮತ್ತೆ, ದಾರಿ ಎರಿಯಾಗಿದ್ದು ಹಿಂದಿನ ದಿನ ಜೋರು ಮಳೆಯಾಗಿದ್ದರೆ, 210 ಇರಲಿ 450 ಇರಲಿ, ಊರ ಅಗಸಿಯ ಹತ್ತಿರ ಪರಿಚಯದವರ ಮನೆ ಮುಂದೆ ನಿಲ್ಲಿಸಿ ಹೊಲಕ್ಕೆ ನಡೆದು ಹೋಗಿ. ಎರಡು ದಿನ ಬಿಸಿಲು ಬಿದ್ದ ಮೇಲೆ ಗಾಡಿ ತೆಗೆಯಿರಿ.